ಎಮ್ಯುಲೇಟರ್ ಜೋಡಣೆ: ಕಪ್ಪು ಪರದೆ, ಕಾಣೆಯಾದ ಸೇವ್ ಮತ್ತಿತರ ತಕರಾರು

ಹಳೆಯ ವಿಡಿಯೊ ಗೇಮ್‌ಗಳನ್ನು ಈಗಿನ ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್‌ಗಳು ಮತ್ತು ಅವನ್ನು ಒಟ್ಟಿಗೆ ಜೋಡಿಸಿಡುವ ತಂತ್ರಾಂಶಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಗೇಮ್ ಫೈಲ್ ಎಲ್ಲಿ ಸಿಗುತ್ತದೆ ಎಂದು ಕೇಳಿದ ಪತ್ರಗಳನ್ನು ಬದಿಗಿಟ್ಟಿದ್ದೇವೆ. ಇಲ್ಲಿನ ಉತ್ತರಗಳೆಲ್ಲ ನಿಮ್ಮದೇ ಡಿಸ್ಕ್, ಕಾರ್ಟ್ರಿಜ್, ಕನ್ಸೋಲ್‌ನಿಂದ ನೀವೇ ತೆಗೆದುಕೊಂಡ ಪ್ರತಿಗಳಿಗೆ ಮಾತ್ರ.

ಪ್ರಶ್ನೆ: ರೆಟ್ರೋಆರ್ಚ್, ಇಎಸ್-ಡಿಇ, ಎಮ್ಯುಡೆಕ್, ಲಾಂಚ್‌ಬಾಕ್ಸ್ ಅಂತ ಹತ್ತಾರು ಹೆಸರು ಕೇಳುತ್ತೇನೆ. ಎಲ್ಲವೂ ಒಂದೇ ಕೆಲಸ ಮಾಡುತ್ತವೆಯೇ? ಹೊಸಬರು ಯಾವುದನ್ನು ಹಾಕಿಕೊಳ್ಳಬೇಕು?

ಒಂದೇ ಕೆಲಸವಲ್ಲ. ಇದರಲ್ಲಿ ಮೂರು ಪದರಗಳಿವೆ. ತಳದಲ್ಲಿರುವುದು ಗೇಮನ್ನು ನಿಜವಾಗಿ ಓಡಿಸುವ ಎಮ್ಯುಲೇಟರ್: ಗೇಮ್‌ಕ್ಯೂಬ್ ಮತ್ತು ವೀಗೆ ಡಾಲ್ಫಿನ್, ಪ್ಲೇಸ್ಟೇಷನ್ 2ಕ್ಕೆ ಪಿಸಿಎಸ್‌ಎಕ್ಸ್2, ಪಿಎಸ್‌ಪಿಗೆ ಪಿಪಿಎಸ್‌ಎಸ್‌ಪಿಪಿ. ರೆಟ್ರೋಆರ್ಚ್ ಕೂಡ ಇದೇ ಪದರದ್ದು. ಆದರೆ ಅದರೊಳಗೆ ‘ಕೋರ್’ ಎಂಬ ಹೆಸರಿನಲ್ಲಿ ಹಲವು ಎಮ್ಯುಲೇಟರ್‌ಗಳು ಕೂತಿರುತ್ತವೆ. ಸೂಪರ್ ನಿಂಟೆಂಡೊಗೆ ಸ್ನೆಸ್9ಎಕ್ಸ್, ಗೇಮ್‌ಬಾಯ್ ಅಡ್ವಾನ್ಸ್‌ಗೆ ಎಂಜಿಬಿಎ, ಮೆಗಾ ಡ್ರೈವ್‌ಗೆ ಜೆನೆಸಿಸ್ ಪ್ಲಸ್ ಜಿಎಕ್ಸ್, ಹೀಗೆ.

ಅದರ ಮೇಲಿನದು ಫ್ರಂಟ್‌ಎಂಡ್. ಇಎಸ್-ಡಿಇ, ಲಾಂಚ್‌ಬಾಕ್ಸ್, ಪ್ಲೇನೈಟ್ ಈ ಗುಂಪಿನವು. ಇವು ಚಿತ್ರಸಮೇತ ಪಟ್ಟಿ ತೋರಿಸಿ, ನೀವು ಒತ್ತಿದ ಗೇಮಿಗೆ ತಕ್ಕ ಎಮ್ಯುಲೇಟರನ್ನು ಎಬ್ಬಿಸುತ್ತವೆ, ಅಷ್ಟೇ. ತಾವಾಗಿ ಒಂದು ಗೇಮನ್ನೂ ಓಡಿಸಲಾರವು. ಮೂರನೆಯದು ಜೋಡಿಸಿಕೊಡುವ ತಂತ್ರಾಂಶ: ಎಮ್ಯುಡೆಕ್, ರೆಟ್ರೋಡೆಕ್, ರೆಟ್ರೋಬ್ಯಾಟ್. ಎಮ್ಯುಲೇಟರ್‌ಗಳನ್ನು ತರುವುದು, ಫೋಲ್ಡರ್ ಮಾಡುವುದು, ಯಾವ ಫೋಲ್ಡರ್ ಎಲ್ಲಿದೆ ಎಂದು ಪ್ರತಿಯೊಂದಕ್ಕೂ ಬರೆದಿಡುವುದು, ಗುಂಡಿಗಳನ್ನು ಹೊಂದಿಸುವುದು ಇವುಗಳ ಕೆಲಸ. ಬಟೊಸೆರಾ, ಲಕ್ಕ ಇನ್ನೂ ಒಂದು ಹೆಜ್ಜೆ ಮುಂದೆ. ಅವು ಪೂರ್ತಿ ಆಪರೇಟಿಂಗ್ ಸಿಸ್ಟಮ್‌ಗಳು, ಪೆನ್‌ಡ್ರೈವ್‌ನಿಂದಲೇ ಬೂಟ್ ಆಗುತ್ತವೆ.

ಕಾರ್ಟ್ರಿಜ್ ಕಾಲದ ಗೇಮ್‌ಗಳಷ್ಟೇ ಸಾಕೆನ್ನುವವರಿಗೆ ರೆಟ್ರೋಆರ್ಚ್ ಒಂದೇ ಸಾಕು. ಅದರ ಮೇಲೆ ಇನ್ನೊಂದನ್ನು ಹೇರಿಕೊಳ್ಳುವುದು ದಂಡ. ಪ್ಲೇಸ್ಟೇಷನ್ 2, ಗೇಮ್‌ಕ್ಯೂಬ್‌ವರೆಗೆ ಏಳೆಂಟು ಕನ್ಸೋಲ್ ಬೇಕಿದ್ದರೆ ವಿಂಡೋಸ್‌ನಲ್ಲಿ ರೆಟ್ರೋಬ್ಯಾಟ್, ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಗೇಮ್ ಯಂತ್ರದಲ್ಲಿ ಎಮ್ಯುಡೆಕ್ ಹಾಕಿಕೊಳ್ಳಿ. ಲಾಂಚ್‌ಬಾಕ್ಸ್ ಉಚಿತ, ಆದರೆ ಅದರ ಟಿವಿ ಪರದೆಯ ರೂಪವಾದ ಬಿಗ್ ಬಾಕ್ಸ್‌ಗೆ ಹಣ ಕೊಡಬೇಕು.

ಈ ಪದರಗಳನ್ನು ನೆನಪಿಟ್ಟರೆ ಮುಂದೆ ತಲೆನೋವು ಅರ್ಧ ಕಡಿಮೆ. ಗೇಮ್ ಓಡದಿದ್ದರೆ ಫ್ರಂಟ್‌ಎಂಡ್ ಮುಚ್ಚಿ, ಎಮ್ಯುಲೇಟರನ್ನು ನೇರವಾಗಿ ತೆರೆದು ಅದೇ ಫೈಲ್ ಹಾಕಿ ನೋಡಿ. ಅಲ್ಲಿ ಓಡಿದರೆ ತಪ್ಪು ಮೇಲಿನ ಪದರದ್ದು. ಅಲ್ಲೂ ಓಡದಿದ್ದರೆ ಫ್ರಂಟ್‌ಎಂಡ್‌ನ ಸೆಟ್ಟಿಂಗ್ ಎಷ್ಟು ತಿರುವಿದರೂ ಪ್ರಯೋಜನವಿಲ್ಲ.

ಪ್ರಶ್ನೆ: ಇಎಸ್-ಡಿಇ ಹಾಕಿದೆ. ಫೋಲ್ಡರಿನಲ್ಲಿ ಗೇಮ್‌ಗಳಿವೆ, ಪಟ್ಟಿ ಮಾತ್ರ ಖಾಲಿ.

ಫೋಲ್ಡರಿನ ಹೆಸರು ನೋಡಿ. ಇಎಸ್-ಡಿಇ ಕನ್ಸೋಲನ್ನು ಗುರುತಿಸುವುದೇ ಆ ಹೆಸರಿನಿಂದ: ಸೂಪರ್ ನಿಂಟೆಂಡೊಗೆ ‘ಎಸ್‌ಎನ್‌ಇಎಸ್’, ಪ್ಲೇಸ್ಟೇಷನ್‌ಗೆ ‘ಪಿಎಸ್‌ಎಕ್ಸ್’, ಗೇಮ್‌ಕ್ಯೂಬ್‌ಗೆ ‘ಜಿಸಿ’, ಎಲ್ಲವೂ ಸಣ್ಣ ಅಕ್ಷರದಲ್ಲಿ. ನಿಮಗೆ ಚೆಂದ ಕಂಡ ಹೆಸರಿಟ್ಟರೆ ಅದು ಕಣ್ಣೆತ್ತಿಯೂ ನೋಡುವುದಿಲ್ಲ. ಮೊದಲ ಸಲ ತೆರೆದಾಗ ಫೋಲ್ಡರ್‌ಗಳನ್ನು ತಾನೇ ಸೃಷ್ಟಿಸಲೇ ಎಂದು ಕೇಳುತ್ತದೆ. ಹೂಂ ಎನ್ನಿ. ಆಗ ಪ್ರತಿ ಫೋಲ್ಡರಿನಲ್ಲೂ ‘ಸಿಸ್ಟಮ್‌ಇನ್ಫೊ’ ಎಂಬ ಚಿಕ್ಕ ಟೆಕ್ಸ್ಟ್ ಫೈಲ್ ಬರುತ್ತದೆ. ಆ ಕನ್ಸೋಲಿಗೆ ಯಾವ ಎಕ್ಸ್‌ಟೆನ್ಷನ್‌ಗಳು (ಫೈಲ್ ಹೆಸರಿನ ಕೊನೆಯ ಭಾಗ) ನಡೆಯುತ್ತವೆ ಎಂಬುದು ಅದರಲ್ಲೇ ಇರುತ್ತದೆ, ಯಾರನ್ನೂ ಕೇಳಬೇಕಿಲ್ಲ. ಕಾರ್ಟ್ರಿಜ್ ಗೇಮ್‌ಗಳು ಸಾಮಾನ್ಯವಾಗಿ ಜಿಪ್‌ನಲ್ಲೇ ಇದ್ದರೂ ಓಡುತ್ತವೆ. ಸಿಡಿ ಗೇಮ್‌ಗಳನ್ನು ಜಿಪ್‌ನಿಂದ ಹೊರತೆಗೆಯಲೇಬೇಕು.

ರೆಟ್ರೋಆರ್ಚ್‌ನಲ್ಲೂ ಇದೇ ದೂರು ಬರುತ್ತದೆ, ಕಾರಣ ಬೇರೆ. ಅಲ್ಲಿ ‘ಸ್ಕ್ಯಾನ್ ಡೈರೆಕ್ಟರಿ’ ಕೊಟ್ಟಾಗ ತನ್ನ ದತ್ತಕೋಶಕ್ಕೆ ತಾಳೆಯಾದ ಫೈಲ್‌ಗಳನ್ನು ಮಾತ್ರ ಪಟ್ಟಿಗೆ ಸೇರಿಸುತ್ತದೆ. ಅಭಿಮಾನಿಗಳು ಅನುವಾದಿಸಿದ, ತಿದ್ದಿದ ಗೇಮ್‌ಗಳು ತಾಳೆಯಾಗದೆ ಹೊರಗುಳಿಯುತ್ತವೆ. ‘ಮ್ಯಾನುವಲ್ ಸ್ಕ್ಯಾನ್’ ಬಳಸಿದರೆ ಫೋಲ್ಡರಿನಲ್ಲಿರುವುದನ್ನೆಲ್ಲ ಸೇರಿಸಬಹುದು.

ಪ್ರಶ್ನೆ: ಪ್ಲೇಸ್ಟೇಷನ್ ಗೇಮ್ ಒತ್ತಿದರೆ ಪರದೆ ಕಪ್ಪಾಗಿ ಮತ್ತೆ ಪಟ್ಟಿಗೇ ಬರುತ್ತದೆ. ಬಯಾಸ್ ಫೈಲ್ ಹಾಕಿದ್ದೇನೆ.

ಬಯಾಸ್ ಎಂದರೆ ಅಸಲಿ ಕನ್ಸೋಲನ್ನು ಎಬ್ಬಿಸುವ ಅದರ ಒಳ ತಂತ್ರಾಂಶದ ಪ್ರತಿ. ಹಾಕಿದ ಜಾಗ, ಹೆಸರು, ಗಾತ್ರ ಮೂರನ್ನೂ ಪರೀಕ್ಷಿಸಿ. ರೆಟ್ರೋಆರ್ಚ್‌ನಲ್ಲಿ ಪ್ಲೇಸ್ಟೇಷನ್‌ಗಿರುವ ಬೀಟಲ್ ಪಿಎಸ್‌ಎಕ್ಸ್ ಕೋರ್ ಹುಡುಕುವ ಹೆಸರುಗಳು ಇವು: ಜಪಾನ್ ಗೇಮ್‌ಗೆ ಎಸ್‌ಸಿಪಿಎಚ್5500, ಅಮೆರಿಕದ್ದಕ್ಕೆ ಎಸ್‌ಸಿಪಿಎಚ್5501, ಯುರೋಪಿನದ್ದಕ್ಕೆ ಎಸ್‌ಸಿಪಿಎಚ್5502, ಕೊನೆಗೆ ಡಾಟ್ ಬಿನ್. ನಡುವೆ ಗೆರೆಯಿಲ್ಲ, ಜಾಗವಿಲ್ಲ, ಎಲ್ಲ ಸಣ್ಣಕ್ಷರ. ವಿಂಡೋಸ್‌ನಲ್ಲಿ ದೊಡ್ಡಕ್ಷರ ಇದ್ದರೂ ನಡೆದೀತು. ಲಿನಕ್ಸ್‌ಗೆ ದೊಡ್ಡಕ್ಷರದ ಹೆಸರು ಬೇರೆಯೇ ಫೈಲ್. ಲಿನಕ್ಸ್‌ನಲ್ಲಿ ಓಡುವ ಸ್ಟೀಮ್ ಡೆಕ್ ಇರುವವರು ಎಡವುವುದು ಇಲ್ಲಿಯೇ.

ಗಾತ್ರ 512 ಕೆಬಿ, ಸರಿಯಾಗಿ 5,24,288 ಬೈಟ್. ಒಂದು ಬೈಟ್ ಹೆಚ್ಚುಕಡಿಮೆ ಇದ್ದರೂ ಪ್ರತಿ ಕೆಟ್ಟಿದೆ ಎಂದೇ ತಿಳಿಯಿರಿ. ಜಾಗ: ಬರೀ ರೆಟ್ರೋಆರ್ಚ್ ಇದ್ದರೆ ಅದರ ‘ಸಿಸ್ಟಮ್’ ಫೋಲ್ಡರ್, ಎಮ್ಯುಡೆಕ್ ಇದ್ದರೆ ‘ಎಮ್ಯುಲೇಷನ್’ ಫೋಲ್ಡರಿನೊಳಗಿನ ‘ಬಯಾಸ್’. ಅದರೊಳಗೆ ಇನ್ನೊಂದು ಫೋಲ್ಡರ್ ಮಾಡಿ ಇಡಬೇಡಿ. ಊಹೆ ಬೇಡವೆಂದರೆ ರೆಟ್ರೋಆರ್ಚ್‌ನಲ್ಲಿ ಆ ಕೋರ್ ಲೋಡ್ ಮಾಡಿ, ‘ಇನ್ಫರ್ಮೇಷನ್’ನೊಳಗಿನ ‘ಕೋರ್ ಇನ್ಫರ್ಮೇಷನ್’ ತೆರೆಯಿರಿ. ಬೇಕಾದ ಬಯಾಸ್ ಫೈಲ್‌ಗಳ ಪಟ್ಟಿ ಇದ್ದು, ಯಾವುದು ಇದೆ ಯಾವುದು ಇಲ್ಲ ಎಂದು ಪಕ್ಕದಲ್ಲೇ ತೋರಿಸುತ್ತದೆ.

ಪ್ಲೇಸ್ಟೇಷನ್‌ನದೇ ಇನ್ನೊಂದು ಕೋರ್ ಆದ ಪಿಸಿಎಸ್‌ಎಕ್ಸ್ ರೀಆರ್ಮ್ಡ್ ಬಯಾಸ್ ಇಲ್ಲದೆಯೂ ತನ್ನದೇ ಬದಲಿಯಿಂದ ಓಡಿಸುತ್ತದೆ, ಆದರೆ ಎಲ್ಲ ಗೇಮ್‌ಗಳೂ ಅದಕ್ಕೆ ಒಗ್ಗುವುದಿಲ್ಲ. ಸೂಪರ್ ನಿಂಟೆಂಡೊ, ಮೆಗಾ ಡ್ರೈವ್‌ಗೆ ಬಯಾಸ್ ಬೇಕಿಲ್ಲ. ಎಂಜಿಬಿಎ ಇಲ್ಲದೆಯೂ ನಡೆಸುತ್ತದೆ. ಪ್ಲೇಸ್ಟೇಷನ್ 2 ಮತ್ತು ಸೆಗಾ ಸಿಡಿಗೆ ಬೇಕೇ ಬೇಕು.

ಪ್ರಶ್ನೆ: ನಾಲ್ಕು ಡಿಸ್ಕ್‌ನ ಗೇಮ್ ಇದೆ. ಪಟ್ಟಿಯಲ್ಲಿ ಹನ್ನೆರಡು ಸಾಲು ಕಾಣುತ್ತವೆ, ಎರಡನೇ ಡಿಸ್ಕ್ ಹಾಕಿದರೆ ಸೇವ್ ಇಲ್ಲ ಎನ್ನುತ್ತದೆ. ಏನು ಮಾಡಲಿ?

ಎರಡೂ ತೊಂದರೆಗೆ ಮದ್ದು ಒಂದೇ, ಆದರೆ ಕ್ರಮವಾಗಿ ಹೋಗಬೇಕು.

ಸಿಡಿಯ ಪ್ರತಿ ಎಂದರೆ ಒಂದೋ ಹೆಚ್ಚೋ ಬಿನ್ ಫೈಲ್, ಜೊತೆಗೊಂದು ಕ್ಯೂ ಫೈಲ್. ಕ್ಯೂ ಬರೀ ಟೆಕ್ಸ್ಟ್. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಮೊದಲ ಸಾಲಿನಲ್ಲೇ ‘ಫೈಲ್’ ಎಂಬ ಪದ, ಉದ್ಧರಣ ಚಿಹ್ನೆಯೊಳಗೆ ಬಿನ್ ಫೈಲಿನ ಹೆಸರು, ಆಮೇಲೆ ‘ಬೈನರಿ’ ಎಂದಿರುತ್ತದೆ. ಬಿನ್ ಫೈಲಿಗೆ ನೀವು ಬೇರೆ ಹೆಸರು ಕೊಟ್ಟು ಕ್ಯೂ ಒಳಗಿನ ಹೆಸರನ್ನು ತಿದ್ದದೆ ಬಿಟ್ಟರೆ ಗೇಮ್ ತೆರೆಯುವುದಿಲ್ಲ. ಓಡಿಸಬೇಕಾದದ್ದು ಯಾವಾಗಲೂ ಕ್ಯೂ. ಬಿನ್ ಅನ್ನೇ ಒತ್ತಿದರೆ ಸಂಗೀತದ ಟ್ರ್ಯಾಕ್‌ಗಳು ಎಲ್ಲಿವೆ ಎಂಬುದು ಎಮ್ಯುಲೇಟರಿಗೆ ತಿಳಿಯದು.

ಕ್ಯೂ ಸರಿಯಿದೆ ಎಂದಾದ ಮೇಲೆ ಪ್ರತಿ ಡಿಸ್ಕನ್ನೂ ಸಿಎಚ್‌ಡಿ ಎಂಬ ಕುಗ್ಗಿಸಿದ ಫೈಲ್ ಮಾಡಿ. ಮೇಮ್ ಎಂಬ ಆರ್ಕೇಡ್ ಎಮ್ಯುಲೇಟರಿನ ಜೊತೆ ಬರುವ ಸಿಎಚ್‌ಡಿಮ್ಯಾನ್ ಎಂಬ ಉಪಕರಣಕ್ಕೆ ‘ಕ್ರಿಯೇಟ್‌ಸಿಡಿ’ ಆಜ್ಞೆ ಕೊಟ್ಟು, ‘ಐ’ಗೆ ಕ್ಯೂ ಫೈಲ್, ‘ಓ’ಗೆ ಹೊಸ ಹೆಸರು ಕೊಟ್ಟರಾಯಿತು. ಎಮ್ಯುಡೆಕ್‌ನಲ್ಲಿ ಇದಕ್ಕೆಂದೇ ಕಂಪ್ರೆಷನ್ ಉಪಕರಣ ಇದೆ. ಬಿನ್ ಎಷ್ಟೇ ಇದ್ದರೂ ಡಿಸ್ಕಿಗೆ ಒಂದೇ ಫೈಲ್ ಆಗುತ್ತದೆ, ಗಾತ್ರವೂ ಇಳಿಯುತ್ತದೆ, ಏನೂ ನಷ್ಟವಾಗುವುದಿಲ್ಲ. ‘ಎಕ್ಸ್‌ಟ್ರಾಕ್ಟ್‌ಸಿಡಿ’ಯಿಂದ ವಾಪಸ್ ಪಡೆಯಲೂಬಹುದು. ಆದರೂ ಹೊಸದು ಓಡುವುದನ್ನು ನೋಡುವ ತನಕ ಹಳೆಯದನ್ನು ಅಳಿಸಬೇಡಿ. ಪ್ಲೇಸ್ಟೇಷನ್ 2ರ ಡಿವಿಡಿಗೆ ‘ಕ್ರಿಯೇಟ್‌ಡಿವಿಡಿ’ ಎಂಬ ಬೇರೆ ಆಜ್ಞೆ. ಗೇಮ್‌ಕ್ಯೂಬ್, ವೀ ಡಿಸ್ಕ್‌ಗಳಿಗೆ ಸಿಎಚ್‌ಡಿ ಬೇಡ, ಡಾಲ್ಫಿನ್‌ನೊಳಗಿನ ಆರ್‌ವಿಝೆಡ್ ಪರಿವರ್ತನೆ ಬಳಸಿ.

ಈಗ ಎಂ3ಯು, ಅಂದರೆ ಡಿಸ್ಕ್‌ಗಳ ಪಟ್ಟಿ ಇರುವ ಫೈಲ್. ಹೊಸ ಟೆಕ್ಸ್ಟ್ ಫೈಲ್ ತೆರೆದು ನಾಲ್ಕು ಸಿಎಚ್‌ಡಿಗಳ ಹೆಸರನ್ನು ಸಾಲಿಗೊಂದರಂತೆ, ಡಿಸ್ಕಿನ ಕ್ರಮದಲ್ಲಿ ಬರೆಯಿರಿ. ಗೇಮಿನ ಹೆಸರಿಟ್ಟು ಕೊನೆಗೆ ಡಾಟ್ ಎಂ3ಯು ಎಂದು ಉಳಿಸಿ. ವಿಂಡೋಸ್ ಎಕ್ಸ್‌ಟೆನ್ಷನ್ ಅಡಗಿಸಿದ್ದರೆ ಅದು ಎಂ3ಯು ಡಾಟ್ ಟಿಎಕ್ಸ್‌ಟಿ ಆಗಿಬಿಡುತ್ತದೆ. ಮೊದಲು ಎಕ್ಸ್‌ಟೆನ್ಷನ್ ತೋರಿಸುವ ಆಯ್ಕೆ ಆನ್ ಮಾಡಿಕೊಳ್ಳಿ. ಇನ್ನು ಗೇಮನ್ನು ಎಂ3ಯುವಿನಿಂದಲೇ ತೆರೆಯಬೇಕು. ರೆಟ್ರೋಆರ್ಚ್ ಮೆಮೊರಿ ಕಾರ್ಡನ್ನು ತೆರೆದ ಫೈಲಿನ ಹೆಸರಿಗೆ ಕಟ್ಟುತ್ತದೆ. ಡಿಸ್ಕ್ ಡಿಸ್ಕನ್ನೇ ತೆರೆದಾಗ ಎರಡನೆಯದಕ್ಕೆ ಹೊಸ ಖಾಲಿ ಕಾರ್ಡ್ ಸಿಕ್ಕಿತು, ಸೇವ್ ಇಲ್ಲ ಎಂದದ್ದು ಅದಕ್ಕೇ. ಮೊದಲ ಡಿಸ್ಕಿನ ಹೆಸರಿನ ಎಸ್‌ಆರ್‌ಎಂ (ಸೇವ್) ಫೈಲಿಗೆ ಎಂ3ಯುವಿನ ಹೆಸರು ಕೊಟ್ಟರೆ ಹಳೆಯ ಸೇವ್ ಹೊಸ ಜೋಡಣೆಗೂ ಬರುತ್ತದೆ. ಡಿಸ್ಕ್ ಬದಲಿಸಲು ‘ಕ್ವಿಕ್ ಮೆನು’ವಿನ ‘ಡಿಸ್ಕ್ ಕಂಟ್ರೋಲ್’ನಲ್ಲಿ ಮೊದಲು ಇಜೆಕ್ಟ್, ಆಮೇಲೆ ಸಂಖ್ಯೆ ಬದಲು, ಕೊನೆಗೆ ಇನ್ಸರ್ಟ್.

ಇಎಸ್-ಡಿಇ ಪಟ್ಟಿ ಚೊಕ್ಕವಾಗಬೇಕಾದರೆ ಫೋಲ್ಡರಿಗೇ ಎಂ3ಯು ಫೈಲಿನ ಪೂರ್ತಿ ಹೆಸರು ಕೊಡಿ, ಎಕ್ಸ್‌ಟೆನ್ಷನ್ ಸಮೇತ. ಎಂ3ಯುವನ್ನೂ ಸಿಎಚ್‌ಡಿಗಳನ್ನೂ ಅದರೊಳಗಿಡಿ. ಆಗ ಇಎಸ್-ಡಿಇ ಆ ಫೋಲ್ಡರನ್ನೇ ಒಂದು ಗೇಮ್ ಎಂದು ಎಣಿಸುತ್ತದೆ. ಹನ್ನೆರಡು ಸಾಲು ಒಂದಾಗುತ್ತದೆ.

ಪ್ರಶ್ನೆ: ಆರ್ಕೇಡ್ ಗೇಮ್‌ಗಳಲ್ಲಿ ಅರ್ಧಕ್ಕರ್ಧ ಓಡುವುದಿಲ್ಲ. ಫೈಲ್ ಕೆಟ್ಟಿದೆಯೇ?

ಕೆಟ್ಟಿಲ್ಲದಿರಬಹುದು, ಆವೃತ್ತಿ ಹೊಂದದಿರಬಹುದು. ಆರ್ಕೇಡ್‌ನಲ್ಲಿ ಒಂದು ಗೇಮ್ ಎಂದರೆ ಬೋರ್ಡಿನ ಹಲವು ಚಿಪ್‌ಗಳ ಪ್ರತಿ ಒಂದೇ ಜಿಪ್‌ನಲ್ಲಿ. ಮೇಮ್ ತಂಡ ಚಿಪ್‌ಗಳನ್ನು ಮತ್ತೆ ಸರಿಯಾಗಿ ಓದಿದಂತೆಲ್ಲ ಯಾವ ಜಿಪ್‌ನಲ್ಲಿ ಏನಿರಬೇಕು ಎಂಬುದು ಬದಲಾಗುತ್ತದೆ. ಆದ್ದರಿಂದ ಸೆಟ್ (ಒಂದು ಆವೃತ್ತಿಯ ಜಿಪ್‌ಗಳ ಗುಂಪು) ಮತ್ತು ಕೋರ್ ಜೋಡಿಯಾಗಿರಬೇಕು. ಮೇಮ್ 2003-ಪ್ಲಸ್ ಕೋರ್‌ಗೆ ತಳಹದಿ 0.78ರ ಸೆಟ್, ಮೇಮ್ 2010ಕ್ಕೆ 0.139. ಇನ್ನೊಂದು ಆರ್ಕೇಡ್ ಕೋರ್ ಆದ ಫೈನಲ್‌ಬರ್ನ್ ನಿಯೊಗೆ ಅದರದೇ ಸೆಟ್.

ಜಿಪ್‌ನ ಹೆಸರು ಬದಲಿಸಬೇಡಿ, ಬಿಚ್ಚಲೂಬೇಡಿ. ಚಿಕ್ಕದಾದ ಆ ವಿಚಿತ್ರ ಹೆಸರಿನಿಂದಲೇ ಕೋರ್ ಗೇಮನ್ನು ಗುರುತಿಸುವುದು. ‘ಸ್ಪ್ಲಿಟ್’ ಸೆಟ್ ಆಗಿದ್ದರೆ ಕ್ಲೋನ್ ಗೇಮಿಗೆ (ಒಂದು ಗೇಮಿನ ಬದಲಿ ಆವೃತ್ತಿಗೆ) ಅದರ ಪೇರೆಂಟ್ (ಮೂಲ ಗೇಮಿನ) ಜಿಪ್ ಕೂಡ ಪಕ್ಕದಲ್ಲಿರಬೇಕು. ‘ನಾನ್-ಮರ್ಜ್ಡ್’ ಆಗಿದ್ದರೆ ಪ್ರತಿ ಜಿಪ್ ಸ್ವಯಂಪೂರ್ಣ, ಜಾಗ ಹೆಚ್ಚು ತಿನ್ನುತ್ತದೆ. ಹೊಸಬರಿಗೆ ಅದೇ ವಾಸಿ. ನಿಯೊ ಜಿಯೊ ಗೇಮ್‌ಗಳಿಗೆ ‘ನಿಯೊಜಿಯೊ’ ಎಂಬ ಬಯಾಸ್ ಜಿಪ್ ಪಕ್ಕದಲ್ಲಿಲ್ಲದಿದ್ದರೆ ಒಂದೂ ಓಡದು. ಸೆಟ್ ಪೂರ್ತಿ ತಾಳೆ ನೋಡಲು ಕ್ಲರ್‌ಮೇಮ್‌ಪ್ರೊ ಅಥವಾ ರೋಮ್‌ವಾಲ್ಟ್‌ಗೆ ಆಯಾ ಆವೃತ್ತಿಯ ಡ್ಯಾಟ್ ಫೈಲ್ (ಇರಬೇಕಾದ ಚಿಪ್‌ಗಳ ಪಟ್ಟಿ) ಕೊಡಿ, ಯಾವ ಚಿಪ್ ಕೊರತೆ ಎಂಬುದನ್ನು ಹೆಸರು ಹಿಡಿದು ಹೇಳುತ್ತವೆ.

ಪ್ರಶ್ನೆ: ಕೋರ್ ಬದಲಿಸಿದ ಮೇಲೆ ಸೇವ್‌ಗಳೆಲ್ಲ ಮಾಯ! ವಾಪಸ್ ಬರುತ್ತವೆಯೇ?

ಬಹುಪಾಲು ಬರುತ್ತವೆ. ಗೇಮಿನೊಳಗಿನ ಸೇವ್ ಮತ್ತು ಸೇವ್ ಸ್ಟೇಟ್ ಬೇರೆ ಬೇರೆ ವಸ್ತು. ಗೇಮಿನೊಳಗಿನದು ಎಸ್‌ಆರ್‌ಎಂ ಫೈಲ್. ಅದು ಅಸಲಿ ಕಾರ್ಟ್ರಿಜ್‌ನ ಬ್ಯಾಟರಿ ಮೆಮೊರಿಯ ಪ್ರತಿ, ಒಂದು ಕೋರ್‌ನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ ಸಾಗುತ್ತದೆ. ಸ್ಟೇಟ್ ಆ ಕೋರ್‌ನ ಆ ಕ್ಷಣದ ಸ್ಥಿತಿ. ಬೇರೆ ಕೋರ್‌ನಲ್ಲಿ ತೆರೆಯದು, ಅದೇ ಕೋರ್ ಅಪ್‌ಡೇಟ್ ಆದರೂ ಕೈಕೊಡಬಹುದು. ಸ್ಟೇಟನ್ನೇ ನಂಬಿ ನಲವತ್ತು ಗಂಟೆಯ ಆಟ ಆಡಬೇಡಿ.

ನಿಮ್ಮ ಎಸ್‌ಆರ್‌ಎಂ ಎಲ್ಲೂ ಹೋಗಿಲ್ಲ. ರೆಟ್ರೋಆರ್ಚ್ ಸೇವ್‌ಗಳನ್ನು ಕೋರ್‌ನ ಹೆಸರಿನ ಉಪಫೋಲ್ಡರಿನಲ್ಲಿ ವಿಂಗಡಿಸುವ ಆಯ್ಕೆ ಆನ್ ಇದ್ದರೆ, ಸ್ನೆಸ್9ಎಕ್ಸ್‌ನದು ಒಂದು ಕಡೆ, ಸೂಪರ್ ನಿಂಟೆಂಡೊದ ಮತ್ತೊಂದು ಕೋರ್ ಆದ ಬಿಸ್ನೆಸ್‌ನದು ಇನ್ನೊಂದು ಕಡೆ. ಹಳೆಯ ಫೋಲ್ಡರಿನಿಂದ ಹೊಸದಕ್ಕೆ ನಕಲು ಮಾಡಿ. ಗೇಮ್ ಫೈಲಿನ ಹೆಸರೂ ಎಸ್‌ಆರ್‌ಎಂ ಹೆಸರೂ ಅಕ್ಷರಶಃ ಒಂದೇ ಇರಬೇಕು. ಚಿತ್ರ ಸಿಗಲಿ ಎಂದು ಗೇಮ್‌ಗಳ ಹೆಸರು ತಿದ್ದುವವರು ಸೇವ್‌ಗಳ ಹೆಸರನ್ನೂ ತಿದ್ದಬೇಕು.

ನಿಜವಾಗಿ ಸೇವ್ ಅಳಿಯುವುದು ಬೇರೆ ರೀತಿಯಲ್ಲಿ. ಹಳೆಯ ಸ್ಟೇಟ್ ಲೋಡ್ ಮಾಡಿದಾಗ ಅದರೊಳಗಿನ ಹಳೆಯ ಬ್ಯಾಟರಿ ಮೆಮೊರಿಯೂ ವಾಪಸಾಗುತ್ತದೆ, ಗೇಮ್ ಮುಚ್ಚಿದಾಗ ಅದೇ ಎಸ್‌ಆರ್‌ಎಂ ಮೇಲೆ ಬರೆಯಲ್ಪಡುತ್ತದೆ. ಇದನ್ನು ತಡೆಯಲು ‘ಸೇವಿಂಗ್’ ಸೆಟ್ಟಿಂಗ್‌ನಲ್ಲಿ ಸ್ಟೇಟ್ ಲೋಡ್ ಮಾಡುವಾಗ ಸೇವ್‌ರ‍್ಯಾಮ್ ಮೇಲೆ ಬರೆಯಬೇಡ ಎಂಬ ಆಯ್ಕೆಯಿದೆ. ಅಲ್ಲೇ ‘ಸೇವ್‌ರ‍್ಯಾಮ್ ಆಟೊಸೇವ್ ಇಂಟರ್‌ವಲ್’ ಆಫ್ ಇದ್ದರೆ 10 ಸೆಕೆಂಡಿಗೆ ಇಡಿ. ಆಫ್ ಇದ್ದಾಗ ಎಸ್‌ಆರ್‌ಎಂ ಡಿಸ್ಕಿಗೆ ಇಳಿಯುವುದು ಗೇಮನ್ನು ಸರಿಯಾಗಿ ಮುಚ್ಚಿದಾಗ ಮಾತ್ರ. ಕರೆಂಟ್ ಹೋದರೆ ಅಂದಿನ ಆಟ ಅಲ್ಲಿಗೇ.

ಪ್ರಶ್ನೆ: ಎಕ್ಸ್‌ಬಾಕ್ಸ್ ಕಂಟ್ರೋಲರಿನಲ್ಲಿ ಎ ಒತ್ತಿದರೆ ಬಿ ಕೆಲಸ ಮಾಡುತ್ತದೆ.

ಅದು ದೋಷವಲ್ಲ. ರೆಟ್ರೋಆರ್ಚ್ ಗುಂಡಿಗಳನ್ನು ಸೂಪರ್ ನಿಂಟೆಂಡೊ ವಿನ್ಯಾಸದಂತೆ, ಜಾಗ ನೋಡಿ ಹೊಂದಿಸುತ್ತದೆ. ಅಲ್ಲಿ ಕೆಳಗಿನದು ಬಿ, ಬಲದ್ದು ಎ. ಬೆರಳಿಗೆ ಇದೇ ಸರಿ. ಮೆನುವಿನಲ್ಲಷ್ಟೇ ಕಿರಿಕಿರಿಯಾದರೆ ಇನ್‌ಪುಟ್ ಸೆಟ್ಟಿಂಗ್‌ನ ‘ಮೆನು ಕಂಟ್ರೋಲ್ಸ್’ನಲ್ಲಿ ಓಕೆ, ಕ್ಯಾನ್ಸಲ್ ಅದಲುಬದಲು ಮಾಡಿ. ಒಂದು ಕನ್ಸೋಲಿಗೆ ಮಾತ್ರ ಬದಲಾಯಿಸಬೇಕಿದ್ದರೆ ಗೇಮ್ ಓಡುತ್ತಿರುವಾಗ ಕ್ವಿಕ್ ಮೆನುವಿನ ‘ಕಂಟ್ರೋಲ್ಸ್’ನಲ್ಲಿ ತಿದ್ದಿ ಕೋರ್ ರೀಮ್ಯಾಪ್ ಫೈಲ್ ಆಗಿ ಉಳಿಸಿ. ಪ್ಲೇಸ್ಟೇಷನ್ ಗೇಮಿನಲ್ಲಿ ಅನಲಾಗ್ ಕಡ್ಡಿ ಸತ್ತಿದ್ದರೆ ಅಲ್ಲೇ ‘ಡಿವೈಸ್ ಟೈಪ್’ ಡ್ಯುಯಲ್‌ಶಾಕ್ ಮಾಡಿ.

ಪ್ರಶ್ನೆ: ಶಬ್ದ ಪಟಪಟ ಒಡೆಯುತ್ತದೆ, ಗುಂಡಿ ಒತ್ತಿದ ಮೇಲೆ ನಿಧಾನ. ಕಂಪ್ಯೂಟರ್ ಸಾಲದೇ?

16 ಬಿಟ್ ಗೇಮಿಗೆ ಸಾಲದ ಕಂಪ್ಯೂಟರ್ ಈಗ ಅಪರೂಪ. ಲ್ಯಾಪ್‌ಟಾಪ್ ಬ್ಯಾಟರಿ ಉಳಿಸುವ ಮೋಡ್‌ನಲ್ಲಿದೆಯೇ ನೋಡಿ. ಆಮೇಲೆ ರೆಟ್ರೋಆರ್ಚ್‌ನ ಆಡಿಯೊ ಲೇಟೆನ್ಸಿ (ಶಬ್ದದ ವಿಳಂಬ) 64 ಮಿಲಿಸೆಕೆಂಡ್ ಇದ್ದರೆ 96, 128 ಎಂದು ಏರಿಸಿ ಕೇಳಿ. ಸೂಪರ್ ನಿಂಟೆಂಡೊ ಸೆಕೆಂಡಿಗೆ ಸುಮಾರು 60.1 ಚೌಕಟ್ಟು (ಫ್ರೇಮ್) ಕೊಡುತ್ತದೆ, ನಿಮ್ಮ ಪರದೆ 60. ಇಷ್ಟು ವ್ಯತ್ಯಾಸವನ್ನು ರೆಟ್ರೋಆರ್ಚ್ ಶಬ್ದದ ವೇಗವನ್ನು ಕಿವಿಗೆ ಗೊತ್ತಾಗದಷ್ಟು ತಿದ್ದಿ ಸರಿದೂಗಿಸುತ್ತದೆ. 144 ಹರ್ಟ್ಸ್ ಪರದೆಗೆ ವಿಆರ್‌ಆರ್ (ಗೇಮಿಗೆ ತಕ್ಕಂತೆ ಪರದೆಯ ವೇಗ ಬದಲಾಗುವ ಸೌಲಭ್ಯ) ಇದ್ದರೆ ‘ಸಿಂಕ್ ಟು ಎಕ್ಸಾಕ್ಟ್ ಕಂಟೆಂಟ್ ಫ್ರೇಮ್‌ರೇಟ್’ ಆನ್ ಮಾಡಿ.

ನಿಧಾನಕ್ಕೆ ಮೊದಲ ಚಿಕಿತ್ಸೆ ಟಿವಿಯ ಗೇಮ್ ಮೋಡ್. ಅದಾದ ಮೇಲೂ ಉಳಿದರೆ ರನ್-ಅಹೆಡ್, ಅಂದರೆ ಗೇಮನ್ನು ಕೆಲವು ಚೌಕಟ್ಟು ಮುಂಚಿತವಾಗಿ ಓಡಿಸಿ ವಿಳಂಬ ತಗ್ಗಿಸುವ ರೆಟ್ರೋಆರ್ಚ್ ಆಯ್ಕೆ. ಎಷ್ಟಿಡಬೇಕೆಂದು ಅಳೆಯಬಹುದು: ಆಟದಲ್ಲಿ ಪಿ ಕೀಲಿಯಿಂದ ನಿಲ್ಲಿಸಿ, ಜಿಗಿಯುವ ಗುಂಡಿ ಹಿಡಿದುಕೊಂಡು ಕೆ ಕೀಲಿ ಒಂದೊಂದೇ ಸಲ ಒತ್ತಿ. ಮೂರನೇ ಒತ್ತಿಗೆ ಗೊಂಬೆ ಅಲುಗಿದರೆ ಗೇಮಿನೊಳಗೇ ಇರುವ ವಿಳಂಬ 2 ಚೌಕಟ್ಟು. ರನ್-ಅಹೆಡ್ 2 ಇಡಿ. ಒಂದು ಚೌಕಟ್ಟೆಂದರೆ ಸುಮಾರು 16.7 ಮಿಲಿಸೆಕೆಂಡ್. ಅದಕ್ಕಿಂತ ಹೆಚ್ಚಿಟ್ಟರೆ ಗೊಂಬೆ ಚಲನೆಯ ಮೊದಲ ಚೌಕಟ್ಟು ನುಂಗಿಹೋಗುತ್ತದೆ. ಭಾರದ ಕೋರ್‌ಗಳಲ್ಲಿ ಇದನ್ನು ಮುಟ್ಟಬೇಡಿ.

ಪ್ರಶ್ನೆ: ಸ್ಟೀಮ್ ಡೆಕ್‌ನಲ್ಲಿ ಸ್ಟೀಮ್ ರೋಮ್ ಮ್ಯಾನೇಜರ್ ಗೇಮ್‌ಗಳನ್ನು ಸೇರಿಸಿತು ಎನ್ನುತ್ತದೆ, ಲೈಬ್ರರಿಯಲ್ಲಿ ಕಾಣುವುದಿಲ್ಲ.

ಆಗ ಸ್ಟೀಮ್ ತೆರೆದಿತ್ತೇನೊ. ರೋಮ್ ಎಂದರೆ ಗೇಮ್ ಫೈಲ್. ಅವನ್ನು ಸ್ಟೀಮ್ ಲೈಬ್ರರಿಗೆ ಸೇರಿಸುವ ರೋಮ್ ಮ್ಯಾನೇಜರ್ ಬರೆಯುವುದು ಸ್ಟೀಮ್‌ನ ‘ಶಾರ್ಟ್‌ಕಟ್ಸ್’ ಎಂಬ ಫೈಲಿಗೆ. ಸ್ಟೀಮ್ ಓಡುತ್ತಿದ್ದರೆ ತನ್ನ ನೆನಪಿನಲ್ಲಿರುವ ಹಳೆಯ ಪಟ್ಟಿಯನ್ನೇ ಅದರ ಮೇಲೆ ಬರೆದುಬಿಡಬಹುದು. ಡೆಸ್ಕ್‌ಟಾಪ್ ಮೋಡ್‌ನಲ್ಲಿ ಸ್ಟೀಮ್ ಪೂರ್ತಿ ಮುಚ್ಚಿ, ಮತ್ತೆ ಮಾಡಿ. ಸ್ಟೀಮ್ ಮುಚ್ಚಿದ ಕೂಡಲೇ ಗುಂಡಿಗಳ ವರ್ತನೆ ಬದಲಾಗುತ್ತದೆ, ಗಾಬರಿಯಾಗದೆ ಟಚ್‌ಸ್ಕ್ರೀನ್ ಬಳಸಿ. ಮೆಮೊರಿ ಕಾರ್ಡನ್ನು ಡೆಕ್‌ನ ಗೇಮಿಂಗ್ ಮೋಡ್‌ನಲ್ಲೇ ಫಾರ್ಮ್ಯಾಟ್ ಮಾಡಿ, ಲಿನಕ್ಸ್‌ನ ಇಎಕ್ಸ್‌ಟಿ4 ಮಾದರಿ ಆಗುತ್ತದೆ. ಎಕ್ಸ್‌ಫ್ಯಾಟ್ ಕಾರ್ಡು ಎಮ್ಯುಡೆಕ್‌ಗೆ ಆಗದು. ಸಾವಿರ ಗೇಮ್‌ಗಳನ್ನು ಸ್ಟೀಮ್ ಲೈಬ್ರರಿಗೆ ಸುರಿಯುವುದಕ್ಕಿಂತ ಇಎಸ್-ಡಿಇ ಒಂದನ್ನೇ ಸೇರಿಸಿ ಅದರೊಳಗಿಂದ ಆಡುವುದು ಲೇಸು.

ಪ್ರಶ್ನೆ: ಜೋಡಿಸುವ ತಂತ್ರಾಂಶದ ಪಟ್ಟಿಯಲ್ಲಿ ಮೊದಲಿದ್ದ ಯುಜು ಈಗ ಏಕಿಲ್ಲ?

ನಿಂಟೆಂಡೊ ಹೂಡಿದ ಮೊಕದ್ದಮೆಯಲ್ಲಿ, ನಿಂಟೆಂಡೊ ಸ್ವಿಚ್‌ನ ಎಮ್ಯುಲೇಟರ್ ಆದ ಯುಜುವಿನ ತಯಾರಕರು 2024ರ ಮಾರ್ಚ್‌ನಲ್ಲಿ 24 ಲಕ್ಷ ಡಾಲರ್ ಕೊಡಲು ಒಪ್ಪಿ ಕೆಲಸ ನಿಲ್ಲಿಸಿದರು. ಅದೇ ತಂಡದ 3ಡಿಎಸ್ ಎಮ್ಯುಲೇಟರ್ ಸಿಟ್ರಾ ಕೂಡ ಅಂದೇ ನಿಂತಿತು. ರ‍್ಯುಜಿಂಕ್ಸ್ ಎಂಬ ಇನ್ನೊಂದು ಸ್ವಿಚ್ ಎಮ್ಯುಲೇಟರ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಮುಚ್ಚಿತು. ಅದೇ ಹೆಸರಿನಲ್ಲಿ ಅಲ್ಲಿ ಇಲ್ಲಿ ಸಿಗುವ ಇನ್‌ಸ್ಟಾಲರ್‌ಗಳನ್ನು ಮುಟ್ಟಬೇಡಿ.

ಪ್ರಶ್ನೆ: ಹೊಸ ಕಂಪ್ಯೂಟರಿಗೆ ಎಲ್ಲವನ್ನೂ ಸಾಗಿಸಬೇಕು. ಯಾವ ಫೋಲ್ಡರ್ ಬಿಟ್ಟರೂ ನಡೆಯುತ್ತದೆ?

ಎಮ್ಯುಲೇಟರ್‌ಗಳನ್ನು ಬಿಡಿ, ಹೊಸದಾಗಿ ಇಳಿಸಿಕೊಳ್ಳಿ. ಗೇಮ್, ಬಯಾಸ್, ಸೇವ್, ಸ್ಟೇಟ್ ಫೋಲ್ಡರ್‌ಗಳು, ರೆಟ್ರೋಆರ್ಚ್‌ನ ‘ಕಾನ್ಫಿಗ್’ ಫೋಲ್ಡರ್ ಬೇಕು. ಕೋರ್‌ಗೆ, ಗೇಮಿಗೆ ಪ್ರತ್ಯೇಕವಾಗಿ ನೀವು ಮಾಡಿದ ಬದಲಾವಣೆಗಳೆಲ್ಲ ಅದರಲ್ಲೇ ಇರುತ್ತವೆ. ಇಎಸ್-ಡಿಇಯ ‘ಗೇಮ್‌ಲಿಸ್ಟ್ಸ್’ ಮತ್ತು ‘ಡೌನ್‌ಲೋಡೆಡ್ ಮೀಡಿಯಾ’ ಫೋಲ್ಡರ್‌ಗಳನ್ನೂ ಒಯ್ಯಿರಿ, ಇಲ್ಲದಿದ್ದರೆ ಚಿತ್ರಗಳನ್ನು ಮತ್ತೆ ಮೊದಲಿನಿಂದ ಇಳಿಸಬೇಕು. ಅದರ ಪಟ್ಟಿಯಲ್ಲಿ ದಾರಿಗಳು ರೋಮ್ ಫೋಲ್ಡರಿಗೆ ಸಾಪೇಕ್ಷವಾಗಿರುವುದರಿಂದ ಡ್ರೈವ್ ಬದಲಾದರೂ ತೊಂದರೆಯಿಲ್ಲ, ರೋಮ್ ಫೋಲ್ಡರ್ ಎಲ್ಲಿದೆಯೆಂದು ತೋರಿಸಿದರೆ ಸಾಕು. ರೆಟ್ರೋಆರ್ಚ್‌ನ ಪ್ಲೇಲಿಸ್ಟ್ ಹಾಗಲ್ಲ. ಅದರಲ್ಲಿ ಪ್ರತಿ ಗೇಮಿನ ಪೂರ್ತಿ ದಾರಿ ಡ್ರೈವ್ ಅಕ್ಷರದ ಸಮೇತ ಬರೆದಿರುತ್ತದೆ. ಹಳೆಯ ಯಂತ್ರದಲ್ಲಿದ್ದಾಗಲೇ ‘ಪೋರ್ಟಬಲ್ ಪ್ಲೇಲಿಸ್ಟ್ಸ್’ ಆನ್ ಮಾಡಿಕೊಳ್ಳಿ. ಆ ಕಾಲ ಮೀರಿದ್ದರೆ ಪ್ಲೇಲಿಸ್ಟ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಹಳೆಯ ದಾರಿಯನ್ನು ಹೊಸದಕ್ಕೆ ‘ರಿಪ್ಲೇಸ್ ಆಲ್’ ಮಾಡಿ. ವಿಂಡೋಸ್‌ನಲ್ಲಿ ಅಲ್ಲಿ ಓರೆಗೆರೆ ಎರಡೆರಡು ಇರುತ್ತವೆ, ನೀವು ಬರೆಯುವ ಹೊಸ ದಾರಿಯಲ್ಲೂ ಎರಡೆರಡೇ ಇರಲಿ.